ಶ್ರಾವಣ ಮುಗಿದ ಮರುದಿನ

ನಮ್ಮ ಕಲಬುರಗಿಯಲ್ಲಿ ಶ್ರಾವಣ ಬಂತೆಂದರೆ ಕುಡಿಯುವವರಲ್ಲಿ ಎಷ್ಟೋ ಜನ ಬಾಟಲಿ ಮುಟ್ಟುವುದಿಲ್ಲ. ಸೋಮವಾರ ನಸುಕಿನಲ್ಲಿ ಎದ್ದು, ತಲೆಗೆ ನೀರು ಹಾಕಿಕೊಂಡು, ಬರಿಗಾಲಲ್ಲಿ ಶರಣಬಸವೇಶ್ವರರ ಗುಡಿಗೆ ನಡೆಯುತ್ತಾರೆ. ಮನೆಯಲ್ಲಿ ಹೆಂಡತಿ ಮಕ್ಕಳು ಒಂದು ತಿಂಗಳು ಬಾಗಿಲ ಸದ್ದಿಗೆ ಬೆಚ್ಚದೆ ಊಟ ಮಾಡುತ್ತಾರೆ. ರಂಜಾನ್ ತಿಂಗಳಲ್ಲಿ ಹೀಗೆ ಉಸಿರುಬಿಡುವ ಮನೆಗಳೂ ಇವೆ. ಅಯ್ಯಪ್ಪನ ಮಾಲೆ ಹಾಕಿದವರ ಮನೆಯವರಿಗೆ ನಲವತ್ತೊಂದು ದಿನ. ನಾನು ಇಂಥ ಹದಿನಾಲ್ಕು ಶ್ರಾವಣ ಕಳೆದಿದ್ದೇನೆ. ಹದಿನಾಲ್ಕರಲ್ಲೂ ಒಂದು ಹನಿ ಮುಟ್ಟಲಿಲ್ಲ. ಹದಿನಾಲ್ಕರಲ್ಲೂ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ, ವೈನ್ ಶಾಪಿನ ಶಟರ್ ಏಳುವ ಮೊದಲೇ ಅದರ ಮುಂದೆ ನಿಂತಿದ್ದೆ.

ಆ ಒಂದು ತಿಂಗಳು ನನಗೆ ಒಂದು ಧೈರ್ಯ ಕೊಡುತ್ತಿತ್ತು. "ಮನಸ್ಸು ಮಾಡಿದರೆ ನಾನು ಬಿಡಬಲ್ಲೆ, ನೋಡಿ, ಮೂವತ್ತು ದಿನ ಬಿಟ್ಟಿದ್ದೇನೆ" ಎಂದು ಹೆಂಡತಿಗೂ ಹೆಡ್‌ಮಾಸ್ತರರಿಗೂ ಹೇಳುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ. ಬಿಡುವುದು ನನಗೆ ಬರುತ್ತಿತ್ತು. ಬಿಟ್ಟು ಇರುವುದು ಬರುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ವಿದ್ಯೆಗಳು ಎಂದು ತಿಳಿಯಲು ನನಗೆ ನಲವತ್ತೇಳು ವರ್ಷ ವಯಸ್ಸಾಗಬೇಕಾಯಿತು. ಎರಡನೆಯ ವಿದ್ಯೆಯನ್ನು ಒಬ್ಬನೇ ಕೂತು ಕಲಿಯಲಾಗುವುದಿಲ್ಲ. ಇವತ್ತು ನಿಮ್ಮೆದುರು ಹೇಳಬೇಕೆಂದು ಬಂದಿರುವುದು ಇದನ್ನೇ.

ನನ್ನ ಪರಿಚಯ ಇಷ್ಟು: ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ, ಈಗ ನಿವೃತ್ತ. ಕೊನೆಯ ಸಲ ಕುಡಿದು ಹದಿಮೂರು ವರ್ಷವಾಯಿತು. ಹೆಸರು ಇಲ್ಲಿ ಕೂತಿರುವ ಅನೇಕರಿಗೆ ಗೊತ್ತಿದೆ, ಆದರೆ ಈ ಮಾತು ಬರಹವಾದಾಗ ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದೇನೆ. ಕುಡಿತ ಬಿಟ್ಟಿರಬೇಕೆನ್ನುವವರು ಒಟ್ಟಿಗೆ ಸೇರುವ ಕೂಟವೊಂದಕ್ಕೆ ನಾನು ಹೋಗುತ್ತೇನೆ, ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂದು ಅದರ ಹೆಸರು, ಅದರ ಪದ್ಧತಿ ಇದು. ಪತ್ರಿಕೆ, ರೇಡಿಯೋ, ಸಿನಿಮಾಗಳಲ್ಲಿ ಸದಸ್ಯರು ಹೆಸರು ಬಿಟ್ಟುಕೊಡುವುದಿಲ್ಲ. ನಾನು ಆ ಕೂಟದ ಪರವಾಗಿ ಮಾತನಾಡುತ್ತಲೂ ಇಲ್ಲ. ಅದಕ್ಕೆ ವಕ್ತಾರರೇ ಇಲ್ಲ. ನನ್ನ ಪಾಡಿನ ಮಾತು ಇದು.

ನಮ್ಮ ಕಡೆ ಕುಡಿತ ಬಿಡಿಸುವ ಮೊದಲ ಉಪಾಯ ಆಣೆ. ನಾನು ತಾಯಿಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೇನೆ, ಮಗಳ ತಲೆಯ ಮೇಲೂ ಇಟ್ಟಿದ್ದೇನೆ. ಗಾಣಗಾಪುರದಲ್ಲಿ ದತ್ತನ ಪಾದುಕೆಗಳ ಮುಂದೆ ಮಾಡಿದ್ದೇನೆ. ಆಣೆ ಮುರಿದ ದಿನ ಕುಡಿತದ ಜೊತೆಗೆ ಪಾಪದ ಭಯವೂ ಸೇರಿಕೊಳ್ಳುತ್ತದೆ. ಆ ಭಯವನ್ನು ಮರೆಯಲು ಇನ್ನಷ್ಟು ಕುಡಿಯಬೇಕಾಗುತ್ತದೆ. ತಾಯಂದಿರೇ, ದಯವಿಟ್ಟು ನಿಮ್ಮ ಮಕ್ಕಳ ತಲೆಯ ಮೇಲೆ ಕೈಯಿಡಿಸಬೇಡಿ. ಅಪ್ಪ ಆಣೆ ಮುರಿದ ರಾತ್ರಿ ಆ ಮಗು ತಾನು ಸಾಯುತ್ತೇನೆಂದು ನಂಬಿ ಮಲಗುತ್ತದೆ. ನನ್ನ ಮಗಳು ಹಾಗೆ ಮಲಗಿದ್ದಳೆಂದು ಅವಳಿಗೆ ಇಪ್ಪತ್ತೆರಡು ವರ್ಷವಾದಾಗ ನನಗೆ ತಿಳಿಯಿತು.

ಹಾಗಂತ ಆಣೆ, ಮಾಲೆಗಳನ್ನು ನಾನು ಹಗುರಾಗಿ ಕಾಣುವುದಿಲ್ಲ. ನನ್ನ ಸೋದರಮಾವ ಆಳಂದ ಕಡೆಯವರು, ಪಂಢರಪುರದ ವಾರಕರಿ. ಯೌವನದಲ್ಲಿ ಭಾರಿ ಕುಡಿಯುತ್ತಿದ್ದರಂತೆ. ತುಳಸಿ ಮಾಲೆ ಹಾಕಿಕೊಂಡ ದಿನದಿಂದ ಸಾಯುವವರೆಗೂ ಮುಟ್ಟಲಿಲ್ಲ. "ಮಾಮಾ ಮಾಲೆ ಹಾಕಿ ಬಿಟ್ಟರು, ನೀನೂ ಹಾಕಿಕೋ" ಎಂದು ಮನೆಯಲ್ಲಿ ನನಗೆ ಯಾವಾಗಲೂ ಹೇಳುತ್ತಿದ್ದರು. ಹಾಕಿಕೊಂಡೆ, ಆರು ವಾರಕ್ಕೆ ತೆಗೆದಿಟ್ಟೆ. ಬಹಳ ವರ್ಷಗಳ ನಂತರ ನನಗೆ ಹೊಳೆದದ್ದು ಇದು: ಮಾವ ಮಾಲೆಯನ್ನಷ್ಟೇ ಹಾಕಿಕೊಂಡಿರಲಿಲ್ಲ. ಅವರಿಗೆ ಒಂದು ದಿಂಡಿ, ಅಂದರೆ ಭಜನೆ ಮಾಡುತ್ತ ಪಂಢರಪುರಕ್ಕೆ ನಡೆಯುವವರ ತಂಡ, ಇತ್ತು. ಏಕಾದಶಿಗೊಮ್ಮೆ ಭಜನೆ, ಆಷಾಢದಲ್ಲಿ ಜೊತೆಯವರೊಂದಿಗೆ ಕಾಲ್ನಡಿಗೆ. ಒಂದು ಏಕಾದಶಿಗೆ ತಪ್ಪಿಸಿಕೊಂಡರೆ ಮರುದಿನ ಯಾರೋ ಒಬ್ಬರು ತಾಳ ಹಿಡಿದುಕೊಂಡೇ ಮನೆಗೆ ಬರುತ್ತಿದ್ದರು, "ಯಾಕೆ ಬರಲಿಲ್ಲ?" ಎಂದು ಕೇಳಲು. ನಾನು ಕೊರಳಿಗೆ ಮಾಲೆ ಹಾಕಿಕೊಂಡು ಒಬ್ಬನೇ ಮನೆಯಲ್ಲಿ ಕೂತಿದ್ದೆ. ನನ್ನನ್ನು ಕೇಳಲು ಬರುವವರು ಯಾರೂ ಇರಲಿಲ್ಲ.

ಕೂಟಕ್ಕೆ ಹೋಗುವ ಮಾತಿಗಿಂತ ಮೊದಲು ಮೈಯ ಮಾತು ಹೇಳಬೇಕು. ಇದನ್ನು ತಪ್ಪಾಗಿ ತಿಳಿದು ಜನ ಸಾಯುತ್ತಾರೆ. ಹದಿನಾಲ್ಕು ಶ್ರಾವಣ ನಾನು ಮನೆಯಲ್ಲೇ ಬಿಟ್ಟೆ, ಸ್ವಲ್ಪ ಕೈ ನಡುಗಿತು, ನಿದ್ದೆ ಬರಲಿಲ್ಲ, ಅಷ್ಟೇ. ಹದಿನೈದನೆಯದರಲ್ಲಿ ಹಾಗಾಗಲಿಲ್ಲ. ಅಷ್ಟು ಹೊತ್ತಿಗೆ ನಾನು ಬೆಳಿಗ್ಗೆಯೂ ಕುಡಿಯುತ್ತಿದ್ದೆ. ಮೂರನೆಯ ರಾತ್ರಿ ಕೌದಿಯ ಮೇಲೆ ಕೆಂಪಿರುವೆಗಳು ಹತ್ತಿದವು. ಸಾಲು ಸಾಲಾಗಿ, ಹೊಲಿಗೆಯ ಗೆರೆಯ ಮೇಲೆಯೇ ಬರುತ್ತಿದ್ದವು. ನಾನು ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ನೆಲಕ್ಕೆ ಹಾಕುತ್ತಿದ್ದೆ, ಮತ್ತೆ ಬರುತ್ತಿದ್ದವು. ಹೆಂಡತಿ ದೀಪ ಹಾಕಿ ಕೌದಿ ಝಾಡಿಸಿ ತೋರಿಸಿದಳು, ಏನೂ ಇರಲಿಲ್ಲ. ಅವಳು ಕಾಣದಂತೆ ನಟಿಸುತ್ತಿದ್ದಾಳೆಂದು ನನಗೆ ಸಿಟ್ಟು. ಬೆಳಗಾಗುವ ಹೊತ್ತಿಗೆ ನಾನು ಯಾವ ಊರಲ್ಲಿದ್ದೇನೆಂಬುದೇ ಗೊತ್ತಿರಲಿಲ್ಲ. ಓಣಿಯವರು ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದರು. ನನ್ನ ಭಾವಮೈದುನ ಯಾರ ಮಾತೂ ಕೇಳದೆ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದ. ಅವನು ತಾಯತಕ್ಕೆ ಒಪ್ಪಿದ್ದರೆ ಇವತ್ತು ನಾನು ಇಲ್ಲಿ ನಿಂತಿರುತ್ತಿರಲಿಲ್ಲ.

ವೈದ್ಯರು ಆಮೇಲೆ ತಿಳಿಸಿ ಹೇಳಿದರು. ದಿನವೂ ಹೆಚ್ಚು ಕುಡಿಯುವವನ ಮೆದುಳು ಮದ್ಯ ಇರುತ್ತದೆಂದೇ ತನ್ನನ್ನು ಹೊಂದಿಸಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ಇಲ್ಲದ್ದು ಕೇಳುವುದು, ದಿಕ್ಕು ತಪ್ಪುವುದು ಆಗಬಹುದು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಹುದು. ಚಿಕಿತ್ಸೆ ದುಬಾರಿಯದೇನೂ ಅಲ್ಲ: ಕೆಲವು ದಿನ ಕೊಟ್ಟು ಮೆಲ್ಲಗೆ ಇಳಿಸುವ ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್, ಯಾರಾದರೂ ಕಣ್ಣಿಟ್ಟಿರುವುದು. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದವಲ್ಲ, ಆಗ ಊರೂರಲ್ಲಿ ಫಿಟ್ಸ್ ಬಂದು ಬಿದ್ದವರನ್ನು ನೀವೂ ನೋಡಿರಬಹುದು. ಆದ್ದರಿಂದ ಬೆಳಿಗ್ಗೆ ಎದ್ದಕೂಡಲೇ ಕುಡಿಯಬೇಕಾಗುವವನು ಮೊದಲು ಆಸ್ಪತ್ರೆಗೆ, ಆಮೇಲೆ ಕೂಟಕ್ಕೆ. ಗಡಿ ಭಾಗದ ಸೇಂದಿ ಕುಡಿಯುವವರು ಇದ್ದರೆ ಅದನ್ನು ವೈದ್ಯರಿಗೆ ಮರೆಮಾಚದೆ ಹೇಳಿ. ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ ಎಂಬ ಕ್ಲೋರಲ್ ಹೈಡ್ರೇಟ್ ಇರುತ್ತದೆ, ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಅಪಾಯ.

ಇನ್ನೊಂದು ವಿಷಯ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಬರೆದಿರುತ್ತಾರೆ, "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ" ಎಂದು. ಚಹಾದಲ್ಲಿ, ಸಾರಿನಲ್ಲಿ ಬೆರೆಸುವ ಪುಡಿ. ಅದರಲ್ಲಿ ಏನಿದೆಯೆಂದು ಮಾರುವವನು ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯ ಪುಡಿಯಾಗಿದ್ದರೆ, ಅದು ಹೊಟ್ಟೆಯಲ್ಲಿರುವಾಗ ಮದ್ಯ ಬಿದ್ದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದವನು ಉಳಿಯದೆ ಹೋಗಬಹುದು. ವೈದ್ಯರು ಅದನ್ನು ಕೊಡುವಾಗ ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಡುತ್ತಾರೆ. ಕದ್ದು ಬೆರೆಸುವ ಅಕ್ಕತಂಗಿಯರ ಕಷ್ಟ ನನಗೆ ಗೊತ್ತು, ನನ್ನ ಮನೆಯ ಡಬ್ಬಿಯಲ್ಲೂ ಅಂಥದೊಂದು ಪೊಟ್ಟಣ ಇತ್ತು. ಅವಳು ಅದನ್ನು ಬಿಚ್ಚಲಿಲ್ಲ ಎಂಬುದು ನನ್ನ ಪುಣ್ಯ.

ಕೂಡಿಹಾಕುವ ಕೇಂದ್ರಗಳೂ ಇವೆ. ಒಳ್ಳೆಯವೂ ಇವೆ. ಆದರೆ ರಾತ್ರಿ ನಾಲ್ಕು ಜನ ಬಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ ಜಾಗಕ್ಕೆ ಯಾರನ್ನೂ ಕಳಿಸಬೇಡಿ. ನನ್ನ ಜೊತೆಯ ಒಬ್ಬ ಹುಡುಗ ಅಂಥ ಕಡೆ ಎರಡು ತಿಂಗಳಿದ್ದು ಬಂದ. ಕುಡಿತಕ್ಕಿಂತ ಆ ಕೋಣೆಯ ಕನಸು ಅವನನ್ನು ಹೆಚ್ಚು ದಿನ ಕಾಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆ ಎಂದು ಒಪ್ಪುತ್ತದೆ, ಇಂಥ ಕೇಂದ್ರಗಳು ನೋಂದಣಿ ಮಾಡಿಸಬೇಕು ಎನ್ನುತ್ತದೆ, ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸುತ್ತದೆ. ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ. ತೋರಿಸಲು ಹಿಂಜರಿದರೆ ಅಲ್ಲಿಂದಲೇ ತಿರುಗಿ ಬನ್ನಿ.

ಈಗ ನೆರವು ಹುಡುಕುವ ಮಾತಿಗೆ ಬರುತ್ತೇನೆ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಇಲಾಖೆಗಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, 5.7 ಕೋಟಿಗೂ ಹೆಚ್ಚು ಜನರಿಗೆ ಅದರಿಂದ ನೆರವು ಬೇಕಾದ ಮಟ್ಟದ ತೊಂದರೆಯಿದೆ. ಗಣಿತದ ಮಾಸ್ತರನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ: ಮದ್ಯಕ್ಕೆ ಅಡಿಯಾಳಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ನೆರವು ಸಿಕ್ಕಿತ್ತು. 38 ಎಂದರೆ ನನ್ನ ಹತ್ತನೆಯ ತರಗತಿಯ ಒಂದು ವಿಭಾಗ. ಇಡೀ ತರಗತಿ ಕೂತಿದೆ, ಒಂದೇ ಒಂದು ಮಗುವಿಗೆ ಪುಸ್ತಕ ಸಿಕ್ಕಿದೆ. ಉಳಿದ ಮೂವತ್ತೇಳು ಜನರಲ್ಲಿ ಎಷ್ಟೋ ಮಂದಿಗೆ ಪುಸ್ತಕ ಎಲ್ಲಿ ಸಿಗುತ್ತದೆಂಬುದೇ ಗೊತ್ತಿಲ್ಲ.

ನನಗೆ ಕೂಟದ ವಿಳಾಸ ಸಿಕ್ಕಿದ್ದು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ. ವೈದ್ಯರು ಔಷಧದ ಚೀಟಿಯ ಹಿಂದೆ ಒಂದು ಶಾಲೆಯ ಹೆಸರು, ವಾರ, ಹೊತ್ತು, ಒಂದು ಫೋನ್ ಸಂಖ್ಯೆ ಬರೆದುಕೊಟ್ಟರು. ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟು ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ, ಮರೆಯಬೇಕೆಂದಿದ್ದೆ. ಅಂಗಿ ಒಗೆಯಲು ಹೋಯಿತು, ಚೀಟಿ ನೆನೆದು ಮುದ್ದೆಯಾಯಿತು. ಹೆಂಡತಿ ಅದನ್ನು ಕಲ್ಲಿನ ಮೇಲೆ ಹರಡಿ ಒಣಗಿಸಿ, ಅಳಿಸಿಹೋಗುತ್ತಿದ್ದ ಅಂಕಿಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು.

ನಿಮಗೆ ಚೀಟಿ ಬರೆದುಕೊಡುವವರು ಸಿಗದಿದ್ದರೆ ದಾರಿಗಳಿವೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಅಲ್ಲಿನ ಮನೋವೈದ್ಯರ ಬಳಿ ಹೋಗಿ, "ಕುಡಿತ ಬಿಟ್ಟವರು ಸೇರುವ ಕೂಟ ಹತ್ತಿರದಲ್ಲಿ ಎಲ್ಲಿದೆ?" ಎಂದು ನೇರವಾಗಿ ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಹೋಗುವ ಮೊದಲು ದಿನ ವಿಚಾರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಆಶಾ ಕಾರ್ಯಕರ್ತೆಯರು ಇಲ್ಲಿ ಬಹಳ ಜನ ಕೂತಿದ್ದೀರಿ, ಈ ಎರಡು ಸಂಖ್ಯೆಗಳನ್ನು ನಿಮ್ಮ ಡೈರಿಯ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಎ.ಎ. ಸಭೆಗಳ ಸ್ಥಳ, ಹೊತ್ತು ಬದಲಾಗುತ್ತಿರುತ್ತವೆ. ಯಾರಾದರೂ ವಿಳಾಸ ಕೊಟ್ಟರೆ ಮೊದಲು ಫೋನ್ ಮಾಡಿ. ಅಫಜಲಪುರದಿಂದ ಎರಡು ಬಸ್ ಬದಲಿಸಿ ಬಂದವನು ಬೀಗ ಹಾಕಿದ ಬಾಗಿಲು ನೋಡಿದರೆ ಮತ್ತೆ ಬರುವುದಿಲ್ಲ.

ನಾನು ಮೊದಲ ದಿನ ಹೋದದ್ದು ಹೇಳುತ್ತೇನೆ. ಭಾನುವಾರ ಸಂಜೆ ಆರು ಗಂಟೆಗೆ ಸಭೆ. ಐದೂವರೆಗೇ ತಲುಪಿದೆ, ಒಳಗೆ ಹೋಗಲಿಲ್ಲ. ಆ ಶಾಲೆಯ ಕಾಂಪೌಂಡಿಗೆ ಮೂರು ಸುತ್ತು ಹಾಕಿದೆ. ಗೇಟಿನ ಬಳಿ ಪ್ರವೇಶ ಪ್ರಕಟಣೆಯ ಹಳೆಯ ಹಾಳೆಯೊಂದು ಅಂಟಿಸಿದ್ದರು, ಅದನ್ನು ಪೂರ್ತಿ ಓದಿದೆ, ಎರಡು ಸಲ ಓದಿದೆ. ಎದುರಿಗೆ ಮಿರ್ಚಿ ಭಜಿ ಕರಿಯುವ ಬಂಡಿ ಇತ್ತು, ಅಲ್ಲಿ ನಿಂತರೆ ಯಾರಾದರೂ ನೋಡಿದರೂ ಭಜಿಗೆ ಬಂದಿದ್ದೇನೆ ಎನ್ನಬಹುದಿತ್ತು. ಆಗ ಒಳಗೆ ಒಂದು ಸ್ಕೂಟರ್ ಕಂಡೆ. ನಮ್ಮ ಊರಿನ ಅಂಚೆ ಕಚೇರಿಯವರದು, ಹಿಂದಿನ ಕೆಂಪು ದೀಪ ಒಡೆದು ಟೇಪ್ ಸುತ್ತಿದ್ದರು, ಗುರುತು ತಪ್ಪುವಂತಿರಲಿಲ್ಲ. ಎದೆ ಧಸಕ್ಕೆಂದಿತು. ಇವರು ನನ್ನನ್ನು ಇಲ್ಲಿ ನೋಡಿದರೆ ನಾಳೆ ಇಡೀ ಊರಿಗೆ ಗೊತ್ತಾಗುತ್ತದೆ ಎಂದುಕೊಂಡು ಹೊರಟೆ. ಹತ್ತು ಹೆಜ್ಜೆ ಹೋದ ಮೇಲೆ ಒಂದು ಪ್ರಶ್ನೆ ಎದ್ದಿತು: ಅವರು ಇಲ್ಲಿ ಯಾಕೆ ಬಂದಿದ್ದಾರೆ?

ಒಳಗೆ ಹೋದೆ. ಒಂದನೆಯ ತರಗತಿಯ ಕೋಣೆ. ಶಹಾಬಾದಿ ಕಲ್ಲಿನ ನೆಲ, ಗೋಡೆಯ ಮೇಲೆ ಎರಡರ ಮಗ್ಗಿಯಿಂದ ಹತ್ತರ ಮಗ್ಗಿಯವರೆಗೆ ಬಣ್ಣದಲ್ಲಿ ಬರೆದಿದ್ದರು. ಏಳರ ಮಗ್ಗಿಯಲ್ಲಿ ಐವತ್ತಾರರ ಆರು ಅಳಿಸಿಹೋಗಿತ್ತು. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಒಂಬತ್ತು ಜನ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಅಂಚೆಯವರು ನನ್ನನ್ನು ನೋಡಿದರು. ಏನೂ ಹೇಳಲಿಲ್ಲ, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಅವರು ಅಲ್ಲಿಗೆ ನಾಲ್ಕು ವರ್ಷದಿಂದ ಬರುತ್ತಿದ್ದರು. ನಾಲ್ಕು ವರ್ಷ ಅವರ ಕೈಯಿಂದಲೇ ನಮ್ಮ ಶಾಲೆಗೆ ಪತ್ರಗಳು ಬರುತ್ತಿದ್ದವು, ನನ್ನ ಬಾಯಿಯ ವಾಸನೆ ಅವರಿಗೆ ಬರುತ್ತಿತ್ತು, ಒಂದು ಮಾತು ಆಡಿರಲಿಲ್ಲ. ಯಾರನ್ನೂ ಎಳೆದು ತರುವುದಿಲ್ಲ, ಒಳಗೆ ಕಂಡವರ ಹೆಸರು, ಕೇಳಿದ ಮಾತು ಹೊರಗೆ ಒಯ್ಯುವುದಿಲ್ಲ. ಊರು ಚಿಕ್ಕದಾದಷ್ಟೂ ಈ ನಿಯಮ ದೊಡ್ಡದು. ಇದೊಂದಿಲ್ಲದಿದ್ದರೆ ನಮ್ಮ ಕಡೆ ಒಂದು ಸಭೆಯೂ ನಡೆಯುತ್ತಿರಲಿಲ್ಲ.

ಅಲ್ಲಿ ಏನು ಮಾಡುತ್ತಾರೆಂದು ಬಹಳ ಜನ ಕೇಳುತ್ತಾರೆ. ಮಾತನಾಡುತ್ತಾರೆ, ಅಷ್ಟೇ. ಬದಲಾಯಿಸಲಾಗದ್ದನ್ನು ಒಪ್ಪಿಕೊಳ್ಳುವ ಸಮಾಧಾನವನ್ನೂ ಬದಲಾಯಿಸಬಹುದಾದ್ದನ್ನು ಬದಲಾಯಿಸುವ ಧೈರ್ಯವನ್ನೂ ಬೇಡುವ ಒಂದು ಚಿಕ್ಕ ಪ್ರಾರ್ಥನೆ. ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, "ನಾನು ಮದ್ಯವ್ಯಸನಿ" ಎಂದು ಹೇಳಿ, ತಮಗಾದದ್ದನ್ನು ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಾತು ಬೇಡವೆಂದರೆ ಸುಮ್ಮನೆ ಕೂರಬಹುದು, ನಾನು ಮೊದಲ ಐದು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತುತ್ತದೆ, ಇದ್ದವರು ಹತ್ತು ಇಪ್ಪತ್ತು ರೂಪಾಯಿ ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಸದಸ್ಯನಾಗಲು ಅರ್ಜಿಯಿಲ್ಲ, ಶುಲ್ಕವಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆ ಇದ್ದರೆ ಸಾಕು. ನಿಲ್ಲಿಸಿರಬೇಕೆಂದೂ ಇಲ್ಲ, ಆಸೆ ಇರಬೇಕು. ಕೆಲವು ಸಭೆಗಳು ವ್ಯಸನಿಗಳಿಗೆ ಮಾತ್ರ, ಕೆಲವು ಮನೆಯವರಿಗೂ ಬೇರೆಯವರಿಗೂ ತೆರೆದವು. ಯಾವುದೆಂದು ಫೋನಿನಲ್ಲೇ ಕೇಳಿಕೊಳ್ಳಿ.

ಈ ಕೂಟ ಹುಟ್ಟಿದ ಕಥೆ ಹೇಳದೆ ಮುಂದಕ್ಕೆ ಹೋಗಲಾರೆ. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಊರು. ಬಿಲ್ ಎಂಬ ಶೇರು ವ್ಯವಹಾರದವನು ನ್ಯೂಯಾರ್ಕಿನಿಂದ ಬಂದಿದ್ದ, ಬಂದ ವ್ಯವಹಾರ ಕೆಟ್ಟುಹೋಗಿತ್ತು. ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತಷ್ಟೇ. ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದಾನೆ, ಒಂದು ಬದಿಗೆ ಬಾರ್, ಅಲ್ಲಿಂದ ನಗು, ಮಾತು ಕೇಳುತ್ತಿದೆ. ಇನ್ನೊಂದು ಬದಿಗೆ ಟೆಲಿಫೋನು, ಚರ್ಚುಗಳ ಸಂಖ್ಯೆಗಳಿರುವ ಪಟ್ಟಿ. ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಂದಿಗೆ ಮಾತನಾಡಲೇಬೇಕೆಂದು ಅವನಿಗೆ ಅನ್ನಿಸಿತು. ಒಂದಾದ ಮೇಲೊಂದು ಫೋನ್ ಮಾಡುತ್ತ ಹೋಗಿ, ಕೊನೆಗೆ ಒಬ್ಬ ಹೆಣ್ಣುಮಗಳ ಮೂಲಕ ಬಾಬ್ ಎಂಬ ಶಸ್ತ್ರವೈದ್ಯನ ಪರಿಚಯವಾಯಿತು. ಆ ವೈದ್ಯನೂ ಕುಡಿದು ಹಾಳಾಗಿದ್ದ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಹೇಳಿಯೇ ಬಂದಿದ್ದ, ಆರು ಗಂಟೆ ಕೂತ. ಬಿಲ್ ಅವನಿಗೆ ಉಪದೇಶ ಮಾಡಲು ಹೋಗಿರಲಿಲ್ಲ, ತನ್ನ ಪ್ರಾಣ ಉಳಿಸಿಕೊಳ್ಳಲು ಹೋಗಿದ್ದ. ಬಾಬ್ ಕೊನೆಯ ಸಲ ಕುಡಿದ ದಿನ, 1935ರ ಜೂನ್ 10, ಕೂಟದ ಹುಟ್ಟಿದ ದಿನವೆಂದು ಉಳಿಯಿತು. ಭಾರತಕ್ಕೆ ಅದು 1957ರಲ್ಲಿ ಬಂತು.

ಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲಿದೆ. ಕಾಯಕದ ಜನ ಒಂದೆಡೆ ಕೂತು, ಮೇಲು ಕೀಳಿಲ್ಲದೆ, ತಾವು ಕಂಡುಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಕೊಂಡ ಅನುಭವ ಮಂಟಪ ನಮ್ಮ ಕಡೆಯದೇ. ಎರಡೂ ಒಂದೇ ಎನ್ನುವುದಿಲ್ಲ. ಆದರೆ ಆ ಗಿಡ್ಡ ಬೆಂಚುಗಳ ಮೇಲೆ ಹಮಾಲಿ ಮಾಡುವವರೂ ವಕೀಲರೂ ಸಿಮೆಂಟ್ ಕಾರ್ಖಾನೆಯವರೂ ಒಬ್ಬರ ಪಕ್ಕ ಒಬ್ಬರು ಕೂತು, ಒಬ್ಬ ಹಮಾಲಿಯ ಮಾತಿಗೆ ವಕೀಲರು ಕಣ್ಣೀರು ಒರೆಸಿಕೊಂಡಾಗ, ಇದು ನಮಗೆ ಪರದೇಶದ ಪದ್ಧತಿಯೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ದೇವರ ವಿಷಯ ಕೇಳುತ್ತಾರೆ. ಕುಡಿತ ಬಿಟ್ಟಿರಲು ಎ.ಎ. ತೋರಿಸುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, "ನಾವು ಅರಿತಂತೆ" ಎಂಬ ಮಾತಿನೊಂದಿಗೆ. ನಮ್ಮ ಕೂಟದಲ್ಲಿ ಲಿಂಗ ಕಟ್ಟಿದವರಿದ್ದಾರೆ, ನಮಾಜು ಮಾಡುವವರಿದ್ದಾರೆ. ಬುದ್ಧನ ದಾರಿ ಹಿಡಿದ ಒಬ್ಬರಿದ್ದಾರೆ, ದೇವರನ್ನು ನಂಬುವುದಿಲ್ಲ. "ನನಗಿಂತ ದೊಡ್ಡದು ಈ ಕೋಣೆಯಲ್ಲಿ ಕೂತ ಜನ" ಎನ್ನುತ್ತಾರೆ. ಅವರು ಕುಡಿಯದೆ ಒಂಬತ್ತು ವರ್ಷವಾಯಿತು. ಮುಸ್ಲಿಂ ಗೆಳೆಯರಿಗೆ ನಾಚಿಕೆ ಇನ್ನೂ ಹೆಚ್ಚು, ಹರಾಮ್ ಎಂಬುದರ ಭಾರ ಬೇರೆ. ಅವರಲ್ಲಿ ಕೆಲವರು ತಮ್ಮ ಊರಿನ ಸಭೆ ಬಿಟ್ಟು ದೂರದ ಸಭೆಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಫೋನಿನಲ್ಲಿ ವಿಡಿಯೊ ಮೂಲಕ ನಡೆಯುವ ಸಭೆಗಳೂ ಇವೆ, ಲಾಕ್‌ಡೌನ್ ಕಾಲದಿಂದ ಬಹಳ ಹೆಚ್ಚಾಗಿವೆ. ಪುಣೆ, ಮುಂಬೈಗೆ ದುಡಿಯಲು ಹೋದ ನಮ್ಮ ಹುಡುಗರಿಗೆ ಅದೇ ಆಸರೆ.

ಬರೀ ಮಾತಿನಿಂದ ಏನಾಗುತ್ತದೆ ಎಂದು ಕಾಲೇಜಿನ ಹುಡುಗರೊಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 27 ಅಧ್ಯಯನಗಳನ್ನು, 10,565 ಜನರ ವಿವರವನ್ನು ಒಟ್ಟಿಗೆ ಇಟ್ಟು ನೋಡಿತು. ರೋಗಿಗಳನ್ನು ಕ್ರಮವಾಗಿ ಎ.ಎ. ಕೂಟಗಳಿಗೆ ಜೋಡಿಸುವ ಚಿಕಿತ್ಸೆ, ಸತತವಾಗಿ ಕುಡಿಯದೆ ಇರುವ ವಿಷಯದಲ್ಲಿ ಬೇರೆ ಹೆಸರಾದ ಆಪ್ತಸಮಾಲೋಚನೆಗಳಿಗಿಂತ ಮುಂದಿತ್ತು. ಅಲ್ಲಿರುವ ಮುಖ್ಯ ಮಾತು ಜೋಡಿಸುವುದು ಎಂಬುದು. ಚೀಟಿ ಕೊಟ್ಟರೆ ಸಾಲದು, ಕೈಹಿಡಿದು ಕರೆದೊಯ್ಯುವವರು ಬೇಕು. ಕೂಟ ಎಲ್ಲರಿಗೂ ಒಗ್ಗುತ್ತದೆಂದು ನಾನು ಹೇಳುವುದಿಲ್ಲ. ಮಾತ್ರೆಗಳಿವೆ, ಆಪ್ತಸಮಾಲೋಚಕರಿದ್ದಾರೆ, ಇವುಗಳ ಜೊತೆಗೇ ಕೂಟಕ್ಕೆ ಬರುವವರು ಬಹಳ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸು ಎಂದು ಕೂಟದಲ್ಲಿ ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ.

ನಾನು ಐದು ತಿಂಗಳಿಗೆ ಮತ್ತೆ ಕುಡಿದೆ. ಹುಮನಾಬಾದಿನಲ್ಲಿ ಅಕ್ಕನ ಮಗನ ಮದುವೆ, ಮೆರವಣಿಗೆಯ ಹಿಂದೆ ಕಾರಿನ ಡಿಕ್ಕಿಯಲ್ಲಿ ಬಾಟಲಿ. ಒಂದೇ ಗ್ಲಾಸ್ ಎಂದರು. ಹನ್ನೊಂದು ದಿನ ಕುಡಿದೆ. ಹನ್ನೆರಡನೆಯ ದಿನ ಭಾನುವಾರ, ಅಂಚೆಯವರು ಮನೆಗೆ ಬಂದರು. ಬಾಗಿಲಲ್ಲಿ ನಿಂತು, "ಮಾಸ್ತರರೇ, ಆರು ಗಂಟೆಗೆ ಸಭೆ ಇದೆ, ಸ್ಕೂಟರಿನ ಹಿಂದೆ ಕೂತುಕೊಳ್ಳಿ" ಎಂದರು. ಬೇರೆ ಏನೂ ಅನ್ನಲಿಲ್ಲ. ನನಗೆ ನನ್ನ ಮಾವನ ದಿಂಡಿಯವನು ತಾಳ ಹಿಡಿದು ಬಾಗಿಲಲ್ಲಿ ನಿಂತದ್ದು ನೆನಪಾಯಿತು. ಅವತ್ತು ಕೂಟದಲ್ಲಿ ಎಲ್ಲರ ಮುಂದೆ ಎದ್ದು, ಒಂದನೆಯ ದಿನ ಎಂದು ಹೇಳಿದೆ. ಯಾರೂ ಛೀ ಅನ್ನಲಿಲ್ಲ. ಚಹಾ ಕೊಟ್ಟರು. ಕೈ ನಡುಗುತ್ತಿತ್ತು, ಅರ್ಧ ಗ್ಲಾಸ್ ಮಾತ್ರ ತುಂಬಿಸಿ ಕೊಟ್ಟಿದ್ದರು, ಚೆಲ್ಲಬಾರದೆಂದು. ಆ ಅರ್ಧ ಗ್ಲಾಸನ್ನು ನಾನು ಇವತ್ತಿಗೂ ಮರೆತಿಲ್ಲ.

ನಿಮ್ಮ ತಾಲ್ಲೂಕಿನಲ್ಲಿ ಕೂಟ ಇಲ್ಲದಿದ್ದರೆ? ಕುಡಿತ ಬಿಟ್ಟಿರಬೇಕೆಂಬ ಇಬ್ಬರು ಮೂವರು ಕೂಡಿದರೆ ಅದೇ ಒಂದು ಕೂಟ. ದೊಡ್ಡ ಊರಿನ ಸಭೆಗೆ ಕೆಲವು ತಿಂಗಳು ಹೋಗಿ ರೀತಿ ಕಲಿತುಕೊಳ್ಳಿ, ಆಮೇಲೆ ನಿಮ್ಮ ಊರಲ್ಲಿ ಒಂದು ಕೋಣೆ ಕೇಳಿ. ವಾರ ಮತ್ತು ಹೊತ್ತು ಮಾತ್ರ ಬದಲಿಸಬೇಡಿ. ನಾನೂ ಅಂಚೆಯವರೂ ನಮ್ಮ ಊರಲ್ಲಿ ಶುರು ಮಾಡಿದಾಗ ಏಳು ವಾರ ನಾವಿಬ್ಬರೇ. ಎಂಟನೆಯ ವಾರ ಒಬ್ಬ ಟ್ರ್ಯಾಕ್ಟರ್ ಚಾಲಕ ಬಂದ, ಬಾಗಿಲಲ್ಲೇ ನಿಂತ. "ಎಂಟು ವಾರದಿಂದ ದೀಪ ಉರಿಯುವುದನ್ನು ನೋಡುತ್ತಿದ್ದೇನೆ" ಎಂದ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಬಹಳ ಹಿಂದಿದ್ದೇವೆ. ಹೊಲದ ಕೆಲಸ ಮುಗಿಸಿ ಮೈನೋವಿಗೆಂದು ಸೇಂದಿ ಕುಡಿಯಲು ಕಲಿತ ತಾಯಂದಿರಿದ್ದಾರೆ, ಅವರು ಗಂಡಸರೇ ತುಂಬಿದ ಕೋಣೆಗೆ ಹೇಗೆ ಬರಬೇಕು? ಸ್ವಸಹಾಯ ಸಂಘದ ಅಕ್ಕಂದಿರು ಮನಸ್ಸು ಮಾಡಿದರೆ ಇದಕ್ಕೊಂದು ಜಾಗ ಆಗುತ್ತದೆ. ಅದನ್ನು ಕೇಳಿಕೊಳ್ಳಲೆಂದೇ ನಿಮ್ಮ ಸಭೆಗೆ ಬಂದಿದ್ದೇನೆ.

"ನಮ್ಮವರು ಬರುವುದೇ ಇಲ್ಲ ಎನ್ನುತ್ತಾರೆ, ಏನು ಮಾಡಲಿ?" ಎಂದು ಅಲ್ಲಿ ಒಬ್ಬ ತಂಗಿ ಕೇಳುತ್ತಿದ್ದಾರೆ. ಇದಕ್ಕೆ ಉತ್ತರ ಗೊತ್ತಿರುವವರು ನಾನಲ್ಲ, ಮೂರನೆಯ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟ 1951ರಿಂದ ಇದೆ. ಇವಳಿಗೆ ಆಗ ಅದೂ ಹತ್ತಿರದಲ್ಲಿ ಸಿಗಲಿಲ್ಲ. ಅವಳೇ ಹೇಳಲಿ.

(ಮೂರನೆಯ ಸಾಲಿನಿಂದ ಎದ್ದು ಅವರು ಹೇಳಿದ ಮಾತು:) "ಇವರು ಆಸ್ಪತ್ರೆ ಸೇರುವ ಎಷ್ಟೋ ಮೊದಲೇ ನಾನು ಅದೇ ಆಸ್ಪತ್ರೆಯ ಆಪ್ತಸಮಾಲೋಚಕಿಯ ಹತ್ತಿರ ಒಬ್ಬಳೇ ಹೋಗುತ್ತಿದ್ದೆ. ಕಾಯಿಲೆ ಇವರದು, ನೀವು ಯಾಕೆ ಬರುತ್ತೀರಿ ಎಂದು ಅವರು ಕೇಳಲಿಲ್ಲ. ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದರು. ಇವರು ಏಳದ ದಿನ ಶಾಲೆಗೆ ರಜೆ ಚೀಟಿ ಬರೆಯುತ್ತೇನೆ, ಜ್ವರ ಎಂದು ಬರೆಯುತ್ತೇನೆ, ಇವರ ಸಹಿಯನ್ನೂ ಕಲಿತಿದ್ದೇನೆ ಎಂದೆ. ಮುಂದಿನ ಸಲ ಬರೆಯದೆ ಇದ್ದು ನೋಡಿ ಎಂದರು. ಹೊಡೆಯುವವರಾದರೆ ಮೊದಲು ನಿಮ್ಮ ಮೈ, ಮಕ್ಕಳ ಮೈ ಕಾಪಾಡಿಕೊಳ್ಳಿ, ತವರಿಗೆ ಹೋಗಿ ಎಂದೂ ಹೇಳಿದರು. ಇವರು ಹೊಡೆಯುವವರಲ್ಲ. ಆ ಸೋಮವಾರ ನಾನು ಚೀಟಿ ಬರೆಯಲಿಲ್ಲ. ಹತ್ತು ಗಂಟೆಗೆ ಹೆಡ್‌ಮಾಸ್ತರರ ಫೋನ್ ಬಂತು. ಫೋನನ್ನು ತೆಗೆದುಕೊಂಡು ಹೋಗಿ ಇವರ ಕೈಗೆ ಕೊಟ್ಟು, ನಾನು ಅಡುಗೆಮನೆಗೆ ಹೋಗಿ ಕೂತೆ. ಕೈ ನಡುಗುತ್ತಿತ್ತು, ಆದರೆ ಕೊಟ್ಟೆ."

ಅವತ್ತು ಫೋನಿನಲ್ಲಿ ನಾನು ಏನು ಹೇಳಿದೆನೋ ನೆನಪಿಲ್ಲ. ಜ್ವರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ ಎಂಬುದಷ್ಟೇ ನೆನಪಿದೆ.

ಹೊರಗೆ ಮೇಜಿನ ಮೇಲೆ ಚೀಟಿಗಳಿವೆ, ಸಭೆಯ ಜಾಗ, ವಾರ, ಹೊತ್ತು ಬರೆದಿದೆ. ಎರಡೆರಡು ತೆಗೆದುಕೊಳ್ಳಿ, ಒಂದು ನೆನೆದರೆ ಇನ್ನೊಂದು ಇರಲಿ. ಭಾನುವಾರ ಐದೂವರೆಗೆ ನಾನು ಗೇಟಿನ ಹೊರಗೆ, ಭಜಿ ಬಂಡಿಯ ಪಕ್ಕದಲ್ಲಿ ನಿಂತಿರುತ್ತೇನೆ. ಸುತ್ತು ಹಾಕುತ್ತಿರುವವರು ಕಂಡರೆ ನಾನಾಗಿ ಮಾತನಾಡಿಸುವುದಿಲ್ಲ. ನೀವು ಬಂದು ಮಾತನಾಡಿಸಿದರೆ ಒಳಗೆ ಜೊತೆಗೆ ಹೋಗೋಣ.